ತೂಕಡಿಕೆಯ ಚಾಲನೆ: ಕುಡಿತದಷ್ಟೇ ಅಪಾಯ

"ರಾತ್ರಿ ಹನ್ನೊಂದಕ್ಕೆ ಹೊರಟುಬಿಡೋಣ. ರಸ್ತೆ ಖಾಲಿ ಇರುತ್ತೆ, ಬಿಸಿಲಿನ ಕಾಟ ಇರೋಲ್ಲ, ಮಕ್ಕಳೂ ಮಲಗಿರ್ತಾರೆ. ಬೆಳಗಿನ ಜಾವಕ್ಕೆ ಊರು ಸೇರಬಹುದು."

ಈ ಮಾತು ಕೇಳಿಬರದ ಮನೆ ನಮ್ಮಲ್ಲಿ ಅಪರೂಪ. ಊರಿನ ಜಾತ್ರೆಯಿರಲಿ, ಸೋದರಮಾವನ ಮಗಳ ಮದುವೆಯಿರಲಿ, ಧರ್ಮಸ್ಥಳ ಅಥವಾ ತಿರುಪತಿಯ ಹರಕೆಯಿರಲಿ, ರಜೆ ಸಿಗುವುದು ಎರಡೇ ದಿನ. ಹಗಲು ಹೊತ್ತನ್ನು ಪ್ರಯಾಣದಲ್ಲಿ ಕಳೆಯಲು ಯಾರಿಗೂ ಮನಸ್ಸಿಲ್ಲ. ಆದ್ದರಿಂದ ಈ ಏರ್ಪಾಡು ಎಲ್ಲರಿಗೂ ಒಪ್ಪಿಗೆಯಾಗುತ್ತದೆ. ಚಪಾತಿ ಕಟ್ಟಿಕೊಂಡದ್ದಾಯಿತು, ನೀರಿನ ಬಾಟಲಿ ತುಂಬಿದ್ದಾಯಿತು, ಟೈರಿಗೆ ಗಾಳಿ ಹಿಡಿಸಿದ್ದಾಯಿತು. ಆದರೆ ಸ್ಟೀರಿಂಗ್ ಹಿಡಿದು ಕೂರುವವರು ಆ ದಿನ ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿದ್ದರು ಎಂದು ನೀವು ಕೇಳಿದಿರಾ?

ಬೆಳಿಗ್ಗೆ ಆರಕ್ಕೆ ಎದ್ದು, ದಿನವಿಡೀ ಕಚೇರಿಯಲ್ಲಿ ದುಡಿದು, ಸಂಜೆ ಮನೆಗೆ ಬಂದು ಸಾಮಾನು ಕಟ್ಟಿ, ರಾತ್ರಿ ಹನ್ನೊಂದಕ್ಕೆ ಹೊರಡುವ ವ್ಯಕ್ತಿ ಅಷ್ಟು ಹೊತ್ತಿಗೆ 17 ಗಂಟೆ ಎಚ್ಚರವಾಗಿರುತ್ತಾರೆ. ಈ 17ಕ್ಕೆ ಒಂದು ಮಹತ್ವವಿದೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಒಂದು ಸಲ ಜನರನ್ನು ನಿದ್ರೆಯಿಲ್ಲದೆ ಇರಿಸಿದರು, ಇನ್ನೊಂದು ಸಲ ಅದೇ ಜನರಿಗೆ ಅಳತೆ ಮಾಡಿ ಮದ್ಯ ಕುಡಿಸಿದರು. ಎರಡೂ ಸಲ ಕಣ್ಣು ಮತ್ತು ಕೈಗಳ ಹೊಂದಾಣಿಕೆಯನ್ನು ಪರೀಕ್ಷಿಸಿದರು. 17 ಗಂಟೆ ಎಚ್ಚರವಿದ್ದವರ ಸಾಮರ್ಥ್ಯ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇದ್ದವರ ಸಾಮರ್ಥ್ಯದ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದಾಗ ಅದು 100 ಮಿಲಿಗ್ರಾಂ ಮದ್ಯಸಾರಕ್ಕೆ ಸಮನಾಗಿತ್ತು.

ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವವರು ವಾಹನ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿ ದಂಡ, ಜೈಲು ಶಿಕ್ಷೆಯೂ ಉಂಟು. ಆದರೆ ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟದ ಸಭ್ಯ ಗೃಹಸ್ಥರೊಬ್ಬರು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಡ್ಯಾಶ್‌ಬೋರ್ಡಿನ ಗಣಪತಿಗೆ ಕೈಮುಗಿದು ಗೇಟು ದಾಟುವ ಹೊತ್ತಿಗೇ ಈ ಮಿತಿಯನ್ನು ಮೀರಿದವರ ಸ್ಥಿತಿಯಲ್ಲಿರುತ್ತಾರೆ! ಅವರ ಬಾಯಿಗೆ ಹಿಡಿದು ಪರೀಕ್ಷಿಸುವ ಯಂತ್ರ ಯಾವ ಪೊಲೀಸರ ಬಳಿಯೂ ಇಲ್ಲ.

ನಿದ್ರೆ ಏಕೆ ತಡೆಯಲಾಗದು?

"ಮನಸ್ಸು ಗಟ್ಟಿಯಿದ್ದರೆ ನಿದ್ದೆ ತಡೆಯಬಹುದು" ಎಂದು ಬಹಳ ಮಂದಿ ನಂಬಿದ್ದಾರೆ. ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನಿದ್ರೆ ನಿಮ್ಮ ಅನುಮತಿ ಕೇಳಿ ಬರುವುದಿಲ್ಲ.

ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸ್ವಲ್ಪ ಸ್ವಲ್ಪವೇ ಶೇಖರವಾಗುತ್ತದೆ. ಅದು ಹೆಚ್ಚಿದಂತೆ ನಿದ್ರೆಯ ಒತ್ತಡ ಹೆಚ್ಚುತ್ತದೆ. ನಿದ್ರಿಸಿದಾಗ ಮಾತ್ರ ಈ ಸಾಲ ತೀರುತ್ತದೆ. ಇದರ ಜೊತೆಗೆ ಮಿದುಳಿನ ಆಳದಲ್ಲಿ ಒಂದು ಜೈವಿಕ ಗಡಿಯಾರವಿದೆ. ದಿನದ 24 ಗಂಟೆಗಳಲ್ಲಿ ಯಾವಾಗ ಚುರುಕಾಗಿರಬೇಕು, ಯಾವಾಗ ಮಂಕಾಗಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ ಈ ಗಡಿಯಾರ ದೇಹವನ್ನು ನಿದ್ರೆಯತ್ತ ಬಲವಾಗಿ ಎಳೆಯುತ್ತದೆ. ಆಗ ಮೈಯ ಉಷ್ಣತೆಯೂ ದಿನದ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ. ಹಿಂದಿನ ದಿನವಿಡೀ ಕೂಡಿಟ್ಟ ನಿದ್ರೆಯ ಸಾಲ ಒಂದು ಕಡೆ, ಗಡಿಯಾರದ ಎಳೆತ ಇನ್ನೊಂದು ಕಡೆ. ಎರಡೂ ಸೇರುವ ಗಳಿಗೆ ಬೆಳಗಿನ ಜಾವ ಮೂರು, ನಾಲ್ಕು ಗಂಟೆ. "ಊರು ಇನ್ನೇನು ಬಂತು" ಎಂದು ನಾವು ಸಮಾಧಾನಪಡುವುದೂ ಆಗಲೇ.

ಇಂಥದೇ ಇನ್ನೊಂದು ಸಣ್ಣ ಇಳಿತ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬರುತ್ತದೆ. ಮದುವೆ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಕಾರು ಹತ್ತಿದವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ. ತಪ್ಪೆಲ್ಲ ಹೋಳಿಗೆಯದೆಂದು ತಿಳಿಯಬೇಡಿ. ಊಟ ಬಿಟ್ಟರೂ ಈ ಮಂಪರು ಬರುತ್ತದೆ, ಭಾರಿ ಊಟ ಅದನ್ನು ಹೆಚ್ಚಿಸುತ್ತದೆ ಅಷ್ಟೆ.

ಕಣ್ಣು ತೆರೆದೇ ನಿದ್ರೆ

ತೂಕಡಿಸುವ ಚಾಲಕ ಹಾಸಿಗೆಯಲ್ಲಿ ಮಲಗಿದಂತೆ ಮಲಗುವುದಿಲ್ಲ. ದಣಿದ ಮಿದುಳು ಒಂದೆರಡು ಸೆಕೆಂಡಿನಿಂದ ಹತ್ತು ಹದಿನೈದು ಸೆಕೆಂಡುಗಳವರೆಗೆ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿಬಿಡುತ್ತದೆ. ಇದನ್ನು ಕ್ಷಣನಿದ್ರೆ ಎನ್ನೋಣ. ಕೆಲವೊಮ್ಮೆ ಕಣ್ಣು ತೆರೆದೇ ಇರುತ್ತದೆ. ಕೈ ಸ್ಟೀರಿಂಗ್ ಮೇಲೆ, ಕಾಲು ಆಕ್ಸಿಲರೇಟರ್ ಮೇಲೆ ಇರುತ್ತವೆ. ಆದರೆ ಕಣ್ಣು ಕಂಡದ್ದು ಮಿದುಳಿಗೆ ಮುಟ್ಟುವುದಿಲ್ಲ. ಇದರಲ್ಲಿ ಅತ್ಯಂತ ಅಪಾಯಕಾರಿ ಸಂಗತಿ ಎಂದರೆ, ತಾನು ನಿದ್ರಿಸಿದೆ ಎಂಬುದು ಬಹಳ ಸಲ ಆ ವ್ಯಕ್ತಿಗೇ ತಿಳಿದಿರುವುದಿಲ್ಲ. "ನಾನು ಮಲಗಿರಲಿಲ್ಲ, ಎಚ್ಚರವಾಗಿಯೇ ಇದ್ದೆ" ಎಂದು ಅವರು ವಾದಿಸಿದರೆ ಅದು ಸುಳ್ಳಲ್ಲ. ಅವರಿಗೆ ಹಾಗೆಯೇ ಅನ್ನಿಸಿರುತ್ತದೆ.

ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿನ ಕ್ಷಣನಿದ್ರೆಯಲ್ಲಿ ಅದು ಸುಮಾರು 90 ಮೀಟರ್ ದೂರವನ್ನು ಚಾಲಕನಿಲ್ಲದೆ ಕ್ರಮಿಸುತ್ತದೆ. 100 ಕಿಲೋಮೀಟರ್ ವೇಗವಾದರೆ 110 ಮೀಟರ್. ಅಷ್ಟರಲ್ಲಿ ತಿರುವು ಬರಬಹುದು, ಸೇತುವೆ ಬರಬಹುದು, ಹಿಂದಿನ ದೀಪ ಉರಿಯದ ಕಬ್ಬಿನ ಟ್ರ್ಯಾಕ್ಟರ್ ಬರಬಹುದು.

ಬೇರೆ ಅಪಘಾತಗಳಲ್ಲಿ ಚಾಲಕ ಕೊನೆಯ ಗಳಿಗೆಯಲ್ಲಾದರೂ ಬ್ರೇಕ್ ಒತ್ತುತ್ತಾನೆ, ಪಕ್ಕಕ್ಕೆ ತಿರುಗಿಸಲು ನೋಡುತ್ತಾನೆ. ಡಿಕ್ಕಿಯಾಗುವ ಹೊತ್ತಿಗೆ ವೇಗ ಎಷ್ಟೋ ತಗ್ಗಿರುತ್ತದೆ. ನಿದ್ರಿಸಿದವರು ಬ್ರೇಕ್ ಒತ್ತುವುದಿಲ್ಲ. ಹಾಗಾಗಿ ಇಂಥ ಅಪಘಾತದ ಜಾಗದಲ್ಲಿ ಟೈರು ಉಜ್ಜಿದ ಗುರುತು ಸಾಮಾನ್ಯವಾಗಿ ಕಾಣುವುದಿಲ್ಲ. ಪೂರ್ಣ ವೇಗದ ಹೊಡೆತವೇ ಬೀಳುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಗಟ್ಟಿ ವಸ್ತುವಿಗೆ ಬಡಿಯುವುದೆಂದರೆ ಎಂಟು ಅಂತಸ್ತಿನ ಕಟ್ಟಡದಿಂದ ನೆಲಕ್ಕೆ ಬೀಳುವುದಕ್ಕೆ ಸಮ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಆ ವರದಿಯಲ್ಲಿ ಅತಿವೇಗ, ಕುಡಿದು ಚಾಲನೆ, ವಿರುದ್ಧ ದಿಕ್ಕಿನ ಚಾಲನೆ, ಕೆಂಪು ದೀಪ ಮೀರಿದ್ದು, ಮೊಬೈಲ್ ಬಳಕೆ ಇವಕ್ಕೆಲ್ಲ ಬೇರೆ ಬೇರೆ ಲೆಕ್ಕವಿದೆ. ನಿದ್ರೆಗೆ ಲೆಕ್ಕವಿಲ್ಲ. ಸತ್ತವರನ್ನು ಕೇಳುವಂತಿಲ್ಲ, ಬದುಕಿದವರು ಒಪ್ಪುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಅದು ತೋರುವುದಿಲ್ಲ. ಆದ್ದರಿಂದ ತೂಕಡಿಕೆ 'ಅತಿವೇಗ' ಅಥವಾ 'ಇತರೆ' ಎಂಬ ಶೀರ್ಷಿಕೆಯ ಕೆಳಗೆ ಅಡಗಿ ಕೂರುತ್ತದೆ. ನಮ್ಮ ಗಮನಕ್ಕೆ ಬಾರದೆ ಹೋಗಲು ಇದೂ ಒಂದು ಕಾರಣ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಬಳಿ, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟಿ.ಟಿ. ವಾಹನವೊಂದು ಡಿಕ್ಕಿ ಹೊಡೆದು 13 ಮಂದಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅವರು ಭದ್ರಾವತಿ ತಾಲ್ಲೂಕಿನ ಹಳ್ಳಿಯವರು, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದರು. ಒಂದು ಅಪಘಾತಕ್ಕೆ ಕಾರಣಗಳು ಹಲವಿರುತ್ತವೆ. ಹೆದ್ದಾರಿಯಲ್ಲಿ ಲಾರಿ ನಿಲ್ಲಿಸುವುದೂ ಅವುಗಳಲ್ಲಿ ಒಂದು. ಆದರೆ ಆ ಗಳಿಗೆಯನ್ನು ಗಮನಿಸಿ, ದರ್ಶನ ಮುಗಿಸಿ ರಾತ್ರೋರಾತ್ರಿ ಮರಳುವ ನಮ್ಮ ಅಭ್ಯಾಸವನ್ನೂ ಗಮನಿಸಿ.

ಮುನ್ಸೂಚನೆಗಳು

ನಿದ್ರೆ ಹೇಳದೆ ಬರುವುದಿಲ್ಲ. ಮೇಲಿಂದ ಮೇಲೆ ಆಕಳಿಕೆ, ಕಣ್ಣಿನಲ್ಲಿ ಮರಳು ಬಿದ್ದಂಥ ಉರಿ, ರೆಪ್ಪೆ ಭಾರವಾಗುವುದು, ಮತ್ತೆ ಮತ್ತೆ ಕಣ್ಣುಜ್ಜಿಕೊಳ್ಳುವುದು ಮೊದಲ ಹಂತ. ಈ ಹಂತದಲ್ಲೇ ನಿಲ್ಲಿಸಬೇಕು. ಕಳೆದ ಹತ್ತು ಕಿಲೋಮೀಟರ್ ಹೇಗೆ ಬಂದಿರೆಂದು ನೆನಪಾಗುತ್ತಿಲ್ಲವೇ? ತಿರುಗಬೇಕಾದ ದಾರಿ ದಾಟಿ ಮುಂದೆ ಬಂದಿರಾ? ವಾಹನ ತನ್ನಷ್ಟಕ್ಕೆ ಪಕ್ಕದ ಗೆರೆಯತ್ತ ವಾಲುತ್ತಿದೆಯೇ? ತಲೆ ಜೋಲಿ ಹೊಡೆದು ಬೆಚ್ಚಿ ಎದ್ದಿರಾ? ಹಾಗಿದ್ದರೆ ನೀವು ಆಗಲೇ ಒಂದೆರಡು ಬಾರಿ ನಿದ್ರಿಸಿ ಎದ್ದಿದ್ದೀರಿ.

ಘಟ್ಟದ ತಿರುವುಗಳಿಗಿಂತ ನೇರವಾದ ಚತುಷ್ಪಥ ರಸ್ತೆಯೇ ಹೆಚ್ಚು ನಿದ್ರೆ ತರಿಸುತ್ತದೆ ಎಂಬುದು ಹಲವರಿಗೆ ಆಶ್ಚರ್ಯವಾಗಬಹುದು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಕೈಕಾಲುಗಳಿಗೆ ಸದಾ ಕೆಲಸವಿರುತ್ತದೆ, ಭಯವೂ ಇರುತ್ತದೆ. ತುಮಕೂರು ದಾಟಿ ಚಿತ್ರದುರ್ಗದ ಕಡೆಗೆ ಹೋಗುವ ನೇರ ಹೆದ್ದಾರಿಯಲ್ಲಿ ಒಂದೇ ಸದ್ದು, ಒಂದೇ ನೋಟ. ಅದು ದೊಡ್ಡವರಿಗೂ ಜೋಗುಳವೇ.

ಉಪಯೋಗಕ್ಕೆ ಬಾರದ ಉಪಾಯಗಳು

ಕಿಟಕಿ ಇಳಿಸಿ ತಣ್ಣನೆ ಗಾಳಿ ಮುಖಕ್ಕೆ ಹೊಡೆಸಿಕೊಳ್ಳುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು ಚಿಮುಕಿಸಿಕೊಳ್ಳುವುದು, ಗುಟ್ಕಾ, ಬೀಡಿ, ತೊಡೆ ಚಿವುಟಿಕೊಳ್ಳುವುದು... ಒಬ್ಬೊಬ್ಬ ಚಾಲಕರದ್ದು ಒಂದೊಂದು ವಿದ್ಯೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಹಾರ್ನ್ ಮತ್ತು ರೇನರ್ ಎಂಬ ವಿಜ್ಞಾನಿಗಳು ತಣ್ಣನೆ ಗಾಳಿಯನ್ನೂ ರೇಡಿಯೋವನ್ನೂ ಪರೀಕ್ಷೆಗೆ ಒಡ್ಡಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳ ಪ್ರಯೋಜನ ಅತ್ಯಲ್ಪ, ಅದೂ ಸ್ವಲ್ಪ ಹೊತ್ತು ಮಾತ್ರ. ಇವೆಲ್ಲ ಮಲಗಲು ಜಾಗ ಹುಡುಕುವವರೆಗೆ ಕೈಹಿಡಿಯಬಹುದು, ಊರು ಮುಟ್ಟಿಸಲಾರವು.

"ನೀನು ಮಾತಾಡ್ತಾ ಇರು, ನನಗೆ ನಿದ್ದೆ ಬರಲ್ಲ" ಎಂದು ಪಕ್ಕದಲ್ಲಿ ಕೂತ ಪತ್ನಿಗೆ ಹೇಳುವುದೂ ರೂಢಿ. ಆಕೆಯೋ ಬೆಳಿಗ್ಗೆ ಐದಕ್ಕೇ ಎದ್ದವರು. ಅರ್ಧ ಗಂಟೆಯಲ್ಲಿ ಆಕೆಯೇ ನಿದ್ರೆಗೆ ಜಾರುತ್ತಾರೆ. ಆದರೂ ಮುಂದಿನ ಸೀಟಿನಲ್ಲಿ ಕೂತವರು ಎಚ್ಚರವಿರುವುದು ಒಳ್ಳೆಯದು. ಚಾಲಕನ ರೆಪ್ಪೆಯನ್ನೂ ವಾಹನದ ಓಲಾಟವನ್ನೂ ಮೊದಲು ಗುರುತಿಸುವವರು ಅವರೇ. ಅವರು "ನಿಲ್ಲಿಸಿ" ಎಂದಾಗ ಚಾಲಕ ಎದುರಾಡದೆ ನಿಲ್ಲಿಸಬೇಕು. ಹೊರಡುವ ಮೊದಲೇ ಈ ಒಪ್ಪಂದ ಆಗಿರಲಿ. ರಸ್ತೆಯಲ್ಲಿ ಮಾಡಿಕೊಳ್ಳಲು ಹೋದರೆ ಜಗಳವಾಗುತ್ತದೆ.

ಕಾಫಿ ಮತ್ತು ಕೋಳಿನಿದ್ದೆ

ನಿದ್ರೆಗೆ ಮದ್ದು ನಿದ್ರೆಯೇ. ಹದಿನೈದರಿಂದ ಇಪ್ಪತ್ತು ನಿಮಿಷದ ಕೋಳಿನಿದ್ದೆ, ಕಣ್ಣೆಳೆಯುವ ಚಾಲಕನಿಗೆ ಅಚ್ಚರಿಯಾಗುವಷ್ಟು ಚುರುಕು ತರುತ್ತದೆ. ಕಾಫಿಯಲ್ಲಿರುವ ಕೆಫೀನ್ ಮಿದುಳಿನಲ್ಲಿ ಅಡೆನೊಸಿನ್ ಕೆಲಸ ಮಾಡುವ ಜಾಗಗಳನ್ನು ಆಕ್ರಮಿಸಿ ನಿದ್ರೆಯ ಒತ್ತಡವನ್ನು ತಾತ್ಕಾಲಿಕವಾಗಿ ಮರೆಮಾಚುತ್ತದೆ. ಆದರೆ ಅದರ ಪರಿಣಾಮ ಕಾಣಲು ಸುಮಾರು ಅರ್ಧ ಗಂಟೆ ಬೇಕು. ಹಾಗಾಗಿ ಮೊದಲು ಕಾಫಿ ಕುಡಿದು, ಕೂಡಲೇ ಸೀಟು ಹಿಂದಕ್ಕೆ ಬಾಗಿಸಿ ಮಲಗುವುದು ಜಾಣತನ. ನೀವು ಏಳುವ ಹೊತ್ತಿಗೆ ಕಾಫಿಯೂ ಕೆಲಸ ಆರಂಭಿಸಿರುತ್ತದೆ. ಮೇಲೆ ಹೇಳಿದ ಲಫ್‌ಬರೋ ವಿಜ್ಞಾನಿಗಳೇ ಈ ಜೋಡಿ ಉಪಾಯವನ್ನೂ ಪರೀಕ್ಷಿಸಿ ಪ್ರಯೋಜನ ಕಂಡವರು. ಗಟ್ಟಿಯಾದ ಎರಡು ಲೋಟ ಕಾಫಿಯಾದರೂ ಬೇಕು. ಬೈಟು ಕಾಫಿಯಿಂದ ಆಗುವ ಕೆಲಸವಲ್ಲ! ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಕೊಳ್ಳಿ.

ಮೊಬೈಲಿನಲ್ಲಿ ಅಲಾರಂ ಇಟ್ಟು ಮಲಗಿ. ಮುಕ್ಕಾಲು ಗಂಟೆ, ಒಂದು ಗಂಟೆ ಮಲಗಿ ಗಾಢನಿದ್ರೆಯ ಮಧ್ಯೆ ಎದ್ದರೆ ಕೆಲಹೊತ್ತು ತಲೆ ಇನ್ನಷ್ಟು ಮಂಕಾಗಿರುತ್ತದೆ. ಎದ್ದ ಕೂಡಲೇ ಸ್ಟೀರಿಂಗ್ ಹಿಡಿಯದೆ, ಕೆಳಗಿಳಿದು ಹತ್ತು ಹದಿನೈದು ನಿಮಿಷ ಓಡಾಡಿ. ವಾಹನವನ್ನು ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ. ತೂಕಡಿಸುತ್ತಿರುವ ಇನ್ನೊಬ್ಬರು ಹಿಂದಿನಿಂದ ಬರುತ್ತಿರಬಹುದು. ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಅಂಗಳ ಕ್ಷೇಮ. ಎಂಜಿನ್ ಆರಿಸಿ, ಕಿಟಕಿಯನ್ನು ಸ್ವಲ್ಪ ಇಳಿಸಿ.

ಈ ಉಪಾಯದಿಂದ ಸಿಗುವುದು ಒಂದೆರಡು ಗಂಟೆಯ ಚುರುಕು ಮಾತ್ರ. ಇಡೀ ರಾತ್ರಿಯ ನಿದ್ರೆಗೆ ಅದು ಬದಲಿಯಾಗದು. ರಾತ್ರಿ ಒಂಬತ್ತಕ್ಕೇ ಮಲಗಿ, ಬೆಳಿಗ್ಗೆ ಐದರ ನಂತರ ಹೊರಟವರು ಊರು ಸೇರುವುದು ನಾಲ್ಕಾರು ಗಂಟೆ ತಡವಾಗಬಹುದು. ಆದರೆ ಚಾಲಕನ ಪಾಲಿಗೆ ಅದೇ ಸರಿಯಾದ ಲೆಕ್ಕ. ಎರಡು ಗಂಟೆಗೊಮ್ಮೆ ಇಳಿದು ಅಡ್ಡಾಡಿ. ಮನೆಯಲ್ಲಿ ಇನ್ನೊಬ್ಬರಿಗೆ ಚಾಲನೆ ಬರುತ್ತಿದ್ದರೆ ಹಂಚಿಕೊಳ್ಳಿ. "ಅವಳ ಕೈಗೆ ಹೆದ್ದಾರಿಯಲ್ಲಿ ಕೊಡೋದಿಲ್ಲ" ಎನ್ನುವ ಪೌರುಷವನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಗೊರಕೆ ಮತ್ತು ಮಾತ್ರೆಗಳು

ಕೆಲವರಿಗೆ ಎಂಟು ಗಂಟೆ ಮಲಗಿದರೂ ಹಗಲಲ್ಲಿ ತೂಕಡಿಕೆ. ಟಿ.ವಿ. ಮುಂದೆ, ಬಸ್ಸಿನಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗಲೂ ಜೋಂಪು. ರಾತ್ರಿ ಮನೆಯವರ ನಿದ್ದೆ ಕೆಡಿಸುವಷ್ಟು ಗೊರಕೆ. ಗೊರಕೆ ಇದ್ದಕ್ಕಿದ್ದಂತೆ ನಿಂತು, ಉಸಿರೂ ಕೆಲವು ಸೆಕೆಂಡು ನಿಂತು, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆ. ಇದು ನಿದ್ರಾ ಉಸಿರುಕಟ್ಟು ಎಂಬ ಕಾಯಿಲೆ, ಇಂಗ್ಲಿಷಿನಲ್ಲಿ ಸ್ಲೀಪ್ ಆಪ್ನಿಯ. ಗಂಟಲಿನ ಹಿಂಭಾಗದ ಮೃದು ಭಾಗಗಳು ಕುಸಿದು ಉಸಿರಿನ ದಾರಿ ಮುಚ್ಚಿದಾಗಲೆಲ್ಲ ಮಿದುಳು ಬೆಚ್ಚಿ ಎಚ್ಚರಗೊಳ್ಳುತ್ತದೆ. ಒಂದು ರಾತ್ರಿಯಲ್ಲಿ ಇದು ನೂರಾರು ಸಲ ಆಗಬಹುದು. ಮಲಗಿದವರಿಗೆ ಇದರ ಅರಿವಿರುವುದಿಲ್ಲ. ಬೆಳಿಗ್ಗೆ ತಲೆನೋವು, ದಣಿವು ಮಾತ್ರ ಉಳಿಯುತ್ತವೆ.

ನಮ್ಮಲ್ಲಿ ಗೊರಕೆಯೆಂದರೆ ಒಂದೋ ತಮಾಷೆ, ಇಲ್ಲವೇ ಸುಖನಿದ್ರೆಯ ಗುರುತು. ದಪ್ಪ ಕುತ್ತಿಗೆಯ, ಹೊಟ್ಟೆ ಬೆಳೆದ, ರಕ್ತದ ಒತ್ತಡವಿರುವ ಮಧ್ಯವಯಸ್ಸಿನವರು ಇದನ್ನು ತಮಾಷೆಯೆಂದು ಬಿಡಬಾರದು. ಚಿಕಿತ್ಸೆ ಪಡೆಯದ ಇಂಥ ರೋಗಿಗಳಿಗೆ ವಾಹನ ಅಪಘಾತದ ಸಂಭವ ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು. ಒಂದು ರಾತ್ರಿಯ ನಿದ್ರಾ ಪರೀಕ್ಷೆಯಿಂದ ರೋಗ ಪತ್ತೆಯಾಗುತ್ತದೆ. ತೂಕ ಇಳಿಸುವುದು, ಮಲಗುವಾಗ ಗಾಳಿಯ ಒತ್ತಡ ನೀಡುವ ಮುಖಕವಚದ ಯಂತ್ರ ಬಳಸುವುದು ಒಳ್ಳೆಯ ಫಲ ಕೊಡುತ್ತವೆ. ಗೊರಕೆಯ ವಿಷಯವನ್ನು ವೈದ್ಯರಿಗೆ ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು. ಗೊರಕೆ ಹೊಡೆಯುವವರು ಖಂಡಿತ ಒಪ್ಪುವುದಿಲ್ಲ.

ಔಷಧದ ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಮಾತ್ರೆಯ ಬಗ್ಗೆಯೂ ಜಾಗ್ರತೆ. ಅದರಲ್ಲಿ ಸಾಮಾನ್ಯವಾಗಿ ಇರುವ ಕ್ಲೋರ್‌ಫೆನಿರಮಿನ್, ಕೆಲವು ಕೆಮ್ಮಿನ ಸಿರಪ್ಪುಗಳು, ಪ್ರಯಾಣದ ವಾಂತಿಗೆ ನುಂಗುವ ಪ್ರೊಮೆಥಜಿನ್, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಂ ಇವೆಲ್ಲ ಮಂಪರು ತರುತ್ತವೆ. ವಾಂತಿಯ ಮಾತ್ರೆ ಹಿಂದೆ ಕೂತವರಿಗೆ ಇರಲಿ, ಚಾಲಕನಿಗೆ ಬೇಡ. ಒಂದು ಗುಟುಕು ಮದ್ಯವೂ ದಣಿದ ದೇಹದಲ್ಲಿ ದುಪ್ಪಟ್ಟು ಕೇಡು ಮಾಡುತ್ತದೆ.

ಹಿಂದೆ ಮಲಗಿದವರ ವಿಷಯ

ರಾತ್ರಿ ಪ್ರಯಾಣದಲ್ಲಿ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸುತ್ತೇವೆ. ಬೆಲ್ಟ್ ಕಟ್ಟಿದರೆ ಮಲಗಲಾಗದೆಂದು ಬಿಚ್ಚಿಡುತ್ತೇವೆ. ಡಿಕ್ಕಿಯಾದಾಗ ಕಾರು ನಿಂತರೂ ಒಳಗಿದ್ದವರು ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತಾರೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಹಾಡಹಗಲಿನಲ್ಲಿ, ಬೆಲೆಬಾಳುವ ಕಾರಿನಲ್ಲಿ. ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಧರಿಸಿರಲಿಲ್ಲ ಎಂದು ಪೊಲೀಸರು ತಿಳಿಸಿದರು. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ. ಪುಟ್ಟ ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಆಸನ ಬೇಕು. ಮಲಗುವುದಾದರೆ ಬೆಲ್ಟ್ ಕಟ್ಟಿಕೊಂಡು ಕೂತಲ್ಲೇ ಒರಗಿ ಮಲಗಲಿ.

ಸ್ಕೂಟರಿನಲ್ಲಿ ಮುಂದೆ ನಿಂತ ಮಗು, ಹಿಂದೆ ಕೂತ ಅಜ್ಜಿ ತೂಕಡಿಸಿದರೂ ಅಪಾಯವೇ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬೈಕಿನಲ್ಲಿ ಮನೆಗೆ ಮರಳುವ ನರ್ಸುಗಳು, ಕಾರ್ಖಾನೆಯವರು, ಕಂಪ್ಯೂಟರ್ ಕೆಲಸದವರು ಸಾಧ್ಯವಾದರೆ ಬಸ್ಸು ಹಿಡಿಯಲಿ. ಇಲ್ಲವೇ ಕೆಲಸದ ಜಾಗದಲ್ಲೇ ಒಂದು ಕೋಳಿನಿದ್ದೆ ಮುಗಿಸಿ ಹೊರಡಲಿ.

ಬಾಡಿಗೆ ವಾಹನದ ಚಾಲಕ

ಸ್ವಂತ ಕಾರಿಲ್ಲದವರು ಟಿ.ಟಿ. ಅಥವಾ ಟ್ಯಾಕ್ಸಿ ಗೊತ್ತುಮಾಡುತ್ತಾರೆ. ದರ ಎಷ್ಟು, ಏ.ಸಿ. ಇದೆಯೇ, ಸೀಟು ಬಾಗುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಚಾಲಕ ನಿನ್ನೆ ರಾತ್ರಿ ಎಲ್ಲಿದ್ದರು ಎಂದು ಕೇಳುವವರಿಲ್ಲ. ಮದುವೆಯ ಕಾಲದಲ್ಲಿ, ಅಯ್ಯಪ್ಪ ಯಾತ್ರೆಯ ಕಾಲದಲ್ಲಿ ಅವರು ಒಂದು ತಂಡವನ್ನು ಬೆಳಿಗ್ಗೆ ಇಳಿಸಿ, ಗಾಡಿ ತೊಳೆದು, ಸಂಜೆಗೆ ಇನ್ನೊಂದು ತಂಡವನ್ನು ಹತ್ತಿಸಿಕೊಳ್ಳುವುದುಂಟು. ಚಾಲಕನಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ನಿಯಮ ಬಂದಿತ್ತು. ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕರ ಬಳಿ ಇದನ್ನು ಯಾರೂ ತಪಾಸಣೆ ಮಾಡಿದಂತಿಲ್ಲ.

ಇನ್ನು ನಾವು ಗಿರಾಕಿಗಳು. ನಾಲ್ಕು ದಿನದಲ್ಲಿ ಎಂಟು ಕ್ಷೇತ್ರ ನೋಡಬೇಕು, ಲಾಡ್ಜಿನ ಖರ್ಚು ಉಳಿಸಬೇಕು, ಆದ್ದರಿಂದ ರಾತ್ರಿ ಪ್ರಯಾಣ, ಹಗಲು ದರ್ಶನ. ಹಗಲಲ್ಲಿ ನಾವು ದೇವಸ್ಥಾನದ ಸಾಲಿನಲ್ಲಿರುವಾಗ ಚಾಲಕ ಕಾದ ತಗಡಿನ ಗಾಡಿಯಲ್ಲಿ, ಸೊಳ್ಳೆ, ಸೆಕೆ, ಹಾರ್ನುಗಳ ನಡುವೆ ಮಲಗಬೇಕು. ಛತ್ರದಲ್ಲಿ ಅವರನ್ನು ಕರೆದು ಊಟ ಬಡಿಸುತ್ತೇವೆ, ಸಂತೋಷ. ಮಲಗಲು ಒಂದು ಚಾಪೆ ಕೊಟ್ಟವರು ಎಷ್ಟು ಮಂದಿ?

ಮುಂದಿನ ಸಲ ಗಾಡಿ ಗೊತ್ತುಮಾಡುವಾಗ ಮಾಲೀಕರನ್ನು ಎರಡು ಮಾತು ಕೇಳಿ: ಚಾಲಕರು ಹಿಂದಿನ ಬಾಡಿಗೆ ಮುಗಿಸಿ ಎಷ್ಟು ಹೊತ್ತಾಯಿತು, ರಾತ್ರಿ ಪ್ರಯಾಣವಾದರೆ ಇನ್ನೊಬ್ಬ ಚಾಲಕರನ್ನು ಕಳುಹಿಸುತ್ತಾರೆಯೇ. ಎರಡನೆಯ ಚಾಲಕರ ಭತ್ಯೆಯನ್ನು ಹತ್ತು ಹನ್ನೆರಡು ಮಂದಿ ಹಂಚಿಕೊಂಡರೆ ದೊಡ್ಡ ಮೊತ್ತವಾಗದು. ಛತ್ರದಲ್ಲೋ ಲಾಡ್ಜಿನಲ್ಲೋ ಕೋಣೆಗಳನ್ನು ಹಂಚುವಾಗ ಚಾಲಕರಿಗೂ ಫ್ಯಾನಿರುವ ಒಂದು ಕೋಣೆ ಬರೆದುಕೊಳ್ಳಿ, ಬೀಗದಕೈಯನ್ನು ಅವರ ಕೈಗೇ ಕೊಡಿ. "ಸ್ವಲ್ಪ ಮಲಗ್ತೀನಿ ಸಾರ್" ಎಂದು ಅವರು ನಡುರಾತ್ರಿಯಲ್ಲಿ ಗಾಡಿ ನಿಲ್ಲಿಸಿದರೆ, ಮುಹೂರ್ತ ಮೀರುತ್ತದೆಂದು ಯಾರೂ ಹಾರ್ನ್ ಒತ್ತಿ ಎಬ್ಬಿಸಬೇಡಿ.